ಮನೆಯಲ್ಲಿ ಅಕ್ಕಿ ಇದ್ದರೂ ಮಗು ಸೊರಗುವುದೇಕೆ? ಚಿಕ್ಕ ಮಕ್ಕಳ ಅಪೌಷ್ಟಿಕತೆ: ಪದೇ ಪದೇ ಕೇಳುವ ಪ್ರಶ್ನೆಗಳು

ತಾಯಂದಿರ ಸಭೆ, ಅಂಗನವಾಡಿ, ಪತ್ರ, ಫೋನು, ಎಲ್ಲಿಂದ ಬಂದರೂ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಉದಾಹರಣೆಗಳು ಬಹುಪಾಲು ಕರ್ನಾಟಕದವು, ಅದರಲ್ಲೂ ಕಲ್ಯಾಣ ಕರ್ನಾಟಕದವು.

## ಮೊದಲು ತಿಳಿಯಬೇಕಾದ್ದು

ಅಪೌಷ್ಟಿಕತೆ ಅಂದ್ರೆ ಸಣಕಲು ಮಗು ಅಂತ ತಾನೇ?

ಅದು ಒಂದು ಬಗೆ ಮಾತ್ರ. ಎತ್ತರಕ್ಕೆ ತಕ್ಕ ತೂಕ ಇಲ್ಲದಿದ್ದರೆ ಕೃಶತೆ. ಇದು ಕೆಲವೇ ವಾರಗಳಲ್ಲಿ ಬರಬಹುದು, ಜೀವಕ್ಕೂ ಅಪಾಯ. ವಯಸ್ಸಿಗೆ ತಕ್ಕ ಎತ್ತರ ಇಲ್ಲದಿದ್ದರೆ ಕುಂಠಿತ ಬೆಳವಣಿಗೆ. ಇದು ತಿಂಗಳುಗಟ್ಟಲೆ ನಡೆದ ಕೊರತೆಯ ಲೆಕ್ಕ. ವಯಸ್ಸಿಗೆ ತಕ್ಕ ತೂಕ ಇಲ್ಲದಿದ್ದರೆ ಕಡಿಮೆ ತೂಕ. ಇದರಲ್ಲಿ ಮೊದಲಿನ ಎರಡೂ ಬೆರೆತಿರಬಹುದು.

2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 5 ವರ್ಷದೊಳಗಿನ ಮಕ್ಕಳಲ್ಲಿ 35.4% ಕುಂಠಿತ, 19.5% ಕೃಶ, 32.9% ಕಡಿಮೆ ತೂಕ. ಇಡೀ ದೇಶದ ಸರಾಸರಿಯೂ ಇದರ ಆಸುಪಾಸಿನಲ್ಲೇ ಇದೆ. ಐಟಿ ರಾಜ್ಯ ಎಂಬ ಹೆಮ್ಮೆ ಈ ಪಟ್ಟಿಯಲ್ಲಿ ಕಾಣುವುದಿಲ್ಲ. ಮೈ ತುಂಬಿಕೊಂಡಂತೆ ಕಾಣುವ ಮಗುವಿಗೂ ರಕ್ತಹೀನತೆ ಇರಬಹುದು. ರಾಜ್ಯದಲ್ಲಿ 6 ರಿಂದ 59 ತಿಂಗಳ ಮಕ್ಕಳಲ್ಲಿ ಅದು ಸುಮಾರು ಮೂರರಲ್ಲಿ ಎರಡು ಪಾಲು.

ನಮ್ಮ ಕೂಸು ಆಡ್ತದ, ನಗ್ತದ. ಆದ್ರೂ ಅಂಗನವಾಡಿ ಟೀಚರ್ 'ಹಳದಿ'ಯಾಗ ಐತಿ ಅಂತಾರಲ್ರೀ?

ತಾಯಿ ಕಾರ್ಡಿನ ಬೆಳವಣಿಗೆ ಪಟ್ಟಿಯಲ್ಲಿ ಹಸಿರು ಸರಿ, ಹಳದಿ ಮಧ್ಯಮ ಕೊರತೆ, ಕಿತ್ತಳೆ ತೀವ್ರ ಕೊರತೆ. ಮಧ್ಯಮ ಕೊರತೆಯ ಮಗು ಸಾಮಾನ್ಯವಾಗಿ ಆಡಿಕೊಂಡೇ ಇರುತ್ತದೆ, ಅದಕ್ಕೇ ಕಣ್ಣಿಗೆ ಬೀಳುವುದಿಲ್ಲ. ಬಣ್ಣಕ್ಕಿಂತ ಗೆರೆಯ ದಿಕ್ಕನ್ನು ನೋಡಿ. ಹಸಿರಿನಲ್ಲೇ ಇದ್ದರೂ ಎರಡು ತಿಂಗಳು ಗೆರೆ ಮಲಗಿದ್ದರೆ ಏನೋ ತಪ್ಪಿದೆ. ಹಳದಿಯಲ್ಲಿದ್ದರೂ ಗೆರೆ ಮೇಲಕ್ಕೆ ಏರುತ್ತಿದ್ದರೆ ಮಾಡುತ್ತಿರುವುದನ್ನೇ ಮುಂದುವರಿಸಿ.

ಒಂದು ಅಂದಾಜು: ಹುಟ್ಟಿದ ತೂಕ 5–6 ತಿಂಗಳಿಗೆ ಎರಡರಷ್ಟು, ವರ್ಷಕ್ಕೆ ಮೂರರಷ್ಟು ಆಗಬೇಕು. ಹುಟ್ಟಿದಾಗ 50 ಸೆಂ.ಮೀ. ಇದ್ದ ಉದ್ದ ಮೊದಲ ವರ್ಷದಲ್ಲಿ ಸುಮಾರು 25, ಎರಡನೆಯದರಲ್ಲಿ ಸುಮಾರು 12 ಸೆಂ.ಮೀ. ಏರಬೇಕು.

ಅಪ್ಪ-ಅಮ್ಮ ಇಬ್ಬರೂ ಗಿಡ್ಡ, ಮಗುವೂ ಗಿಡ್ಡ. ಇದು ವಂಶದ್ದಲ್ವಾ? ವಿದೇಶದ ಅಳತೆ ನಮ್ಮ ಮಕ್ಕಳಿಗೆ ಯಾಕೆ?

ಈಗ ಬಳಸುವ ಪಟ್ಟಿ 2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಕೊಟ್ಟದ್ದು. ಅದಕ್ಕಾಗಿ ಬ್ರೆಜಿಲ್, ಘಾನಾ, ನಾರ್ವೆ, ಒಮಾನ್, ಅಮೆರಿಕ ಮತ್ತು ಭಾರತದ ಮಕ್ಕಳನ್ನು ಅಳೆದಿದ್ದರು. ನಮ್ಮವರು ದೆಹಲಿಯ ಮಕ್ಕಳು. ಎದೆಹಾಲು, ಒಳ್ಳೆಯ ಆಹಾರ, ಚೊಕ್ಕ ಮನೆ ಸಿಕ್ಕ ಮಕ್ಕಳು ಆರೂ ದೇಶಗಳಲ್ಲಿ 5 ವರ್ಷದವರೆಗೆ ಹೆಚ್ಚುಕಡಿಮೆ ಒಂದೇ ಸಮ ಬೆಳೆದರು. ಒಂದೊಂದು ಮಗುವಿನ ಎತ್ತರದಲ್ಲಿ ವಂಶದ ಪಾಲು ಇದ್ದೇ ಇದೆ. ಆದರೆ ಊರಿಗೆ ಊರೇ ಮೂರರಲ್ಲಿ ಒಂದು ಮಗು ಕುಂಠಿತವಾಗಿದ್ದರೆ ವಂಶದ ಮೇಲೆ ಹಾಕಿ ಕೂರುವಂತಿಲ್ಲ. ಗಿಡ್ಡ ತಾಯಿ ತಾನೂ ಎಳವೆಯಲ್ಲಿ ಸೊರಗಿದ ಮಗುವೇ ಆಗಿರಬಹುದು.

ರೇಷನ್ ಅಕ್ಕಿ ಬರ್ತದೆ, ಹಸಿದು ಮಲಗೋರು ಯಾರೂ ಇಲ್ಲ. ಮತ್ತೆ ಅಪೌಷ್ಟಿಕತೆ ಎಲ್ಲಿಂದ?

ಎಲ್ಲಕ್ಕಿಂತ ಹೆಚ್ಚು ಬರುವ ಪ್ರಶ್ನೆ ಇದೇ. ದೊಡ್ಡವರ ಹೊಟ್ಟೆ ತುಂಬಿಸುವ ಅಕ್ಕಿ ಹತ್ತು ತಿಂಗಳ ಮಗುವನ್ನು ಬೆಳೆಸಲಾರದು. ಪಡಿತರದಲ್ಲಿ ಅಕ್ಕಿ ಬಂತು. ಬೇಳೆ, ಎಣ್ಣೆ, ಮೊಟ್ಟೆ, ಹಾಲು ಅದೇ ಪ್ರಮಾಣದಲ್ಲಿ ಬರಲಿಲ್ಲ.

1990ರಲ್ಲಿ ಯುನಿಸೆಫ್ ಕಾರಣಗಳನ್ನು ಮೂರು ಪದರಗಳಲ್ಲಿ ಇಟ್ಟಿತು, ಇವತ್ತಿಗೂ ಅದೇ ಬಳಕೆಯಲ್ಲಿದೆ. ಮೇಲಿನ ಪದರ: ಮಗುವಿನ ಹೊಟ್ಟೆಗೆ ಏನು ಹೋಗುತ್ತಿದೆ, ಎಷ್ಟು ಸಲ ಕಾಯಿಲೆ ಬೀಳುತ್ತಿದೆ. ಅದರ ಕೆಳಗೆ: ಮನೆಯಲ್ಲಿ ಎಂಥ ಆಹಾರ ಇದೆ, ಮಗುವನ್ನು ನೋಡಿಕೊಳ್ಳುವವರು ಯಾರು, ನೀರು, ಶೌಚ, ಆಸ್ಪತ್ರೆ ಹೇಗಿವೆ. ತಳದಲ್ಲಿ: ಕೂಲಿ, ಜಮೀನು, ಜಾತಿ, ಹೆಣ್ಣಿನ ಓದು, ಮದುವೆಯ ವಯಸ್ಸು, ಸರ್ಕಾರದ ಖರ್ಚು. ಮೇಲಿನ ಪದರದ ಎರಡು ಒಂದನ್ನೊಂದು ಹಿಡಿದು ಎಳೆಯುತ್ತವೆ. ಸೊರಗಿದ ಮಗುವಿಗೆ ಬೇಗ ಕಾಯಿಲೆ, ಕಾಯಿಲೆ ಬಿದ್ದ ಮಗುವಿಗೆ ಊಟ ಸೇರುವುದಿಲ್ಲ.

ಯಾವ ವಯಸ್ಸಿನಲ್ಲಿ ಅಪಾಯ ಜಾಸ್ತಿ?

ಹೊಟ್ಟೆಯಲ್ಲಿದ್ದಾಗಿನಿಂದ ಎರಡು ವರ್ಷದವರೆಗೆ, ಅಂದರೆ ಸುಮಾರು 1,000 ದಿನ. ಅದರಲ್ಲೂ 6 ರಿಂದ 24 ತಿಂಗಳು. ಅಂಗನವಾಡಿಗೆ ನಡೆದು ಬಂದು ಬಿಸಿಯೂಟ ಉಣ್ಣುವುದು ಮೂರರ ನಂತರದ ಮಗು; ಅಷ್ಟರಲ್ಲಿ ಎತ್ತರದ ನಷ್ಟ ಬಹುಪಾಲು ಆಗಿಹೋಗಿರುತ್ತದೆ.

## ಬಸಿರು, ಬಾಣಂತನ, ಎದೆಹಾಲು

ಬಸುರಿ ಜಾಸ್ತಿ ಉಂಡ್ರೆ ಕೂಸು ದಪ್ಪಾಗಿ ಹೆರಿಗೆ ಕಷ್ಟ ಆಗ್ತದ ಅಂತ ಅತ್ತೆ ಹೇಳ್ತಾರ. ಖರೇನಾ?

ಅಲ್ಲ. ಉಣ್ಣದಿದ್ದರೆ ತಾಯಿಯ ರಕ್ತ, ಮೂಳೆ, ಶಕ್ತಿ ಇಳಿಯುತ್ತವೆ, ಮಗು 2.5 ಕೆ.ಜಿ.ಗಿಂತ ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಹೆಚ್ಚುತ್ತದೆ. ಹೆರಿಗೆ ಕಷ್ಟವಾಗುವುದು ಬಹುಪಾಲು ತಾಯಿಯ ಸೊಂಟದ ಮೂಳೆಯೇ ಚಿಕ್ಕದಿದ್ದಾಗ. ಹದಿನಾರು-ಹದಿನೇಳಕ್ಕೆ ಮದುವೆಯಾಗಿ, ತನ್ನದೇ ಬೆಳವಣಿಗೆ ಮುಗಿಯುವ ಮುಂಚೆ ಬಸಿರಾದ ಹುಡುಗಿಯಲ್ಲಿ ತಾಯಿ-ಮಗು ಒಂದೇ ಊಟಕ್ಕೆ ಪೈಪೋಟಿ ನಡೆಸುತ್ತಾರೆ. ಮೇಲೆ ಹೇಳಿದ ಸಮೀಕ್ಷೆಯಲ್ಲಿ ರಾಜ್ಯದ 20–24 ವಯಸ್ಸಿನ ಹೆಂಗಸರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ 18 ತುಂಬುವ ಮೊದಲೇ ಮದುವೆಯಾದವರು.

ಆರೋಗ್ಯವಾಗಿರುವ ಬಸುರಿಯ ತೂಕ ಒಂಬತ್ತು ತಿಂಗಳಲ್ಲಿ 10–12 ಕೆ.ಜಿ. ಏರಬೇಕು. ಕಬ್ಬಿಣದ ಮಾತ್ರೆ 180 ದಿನ. ಮಲ ಕಪ್ಪಾದರೆ ಹೆದರಿ ಬಿಡಬೇಡಿ, ಅದು ಮಾತ್ರೆಯದೇ ಬಣ್ಣ. ಹೊಟ್ಟೆ ತೊಳಸಿದರೆ ರಾತ್ರಿ ಊಟದ ನಂತರ ನುಂಗಿ, ಚಹಾದ ಜೊತೆ ಮಾತ್ರ ಬೇಡ. 2017ರ ಅಕ್ಟೋಬರ್ 2ರಂದು ಶುರುವಾದ ಮಾತೃಪೂರ್ಣದಲ್ಲಿ ಬಸುರಿ-ಬಾಣಂತಿಯರಿಗೆ ಅಂಗನವಾಡಿಯಲ್ಲಿ ಬಿಸಿಯೂಟ ಉಂಟು. ಯೋಜನೆ ಒಳ್ಳೆಯದೇ, ಆದರೆ ದಿನಾ ನಡೆದು ಬಂದು ಅಲ್ಲೇ ಉಣ್ಣಬೇಕೆಂಬ ಕ್ರಮ ಎಂಟು ತಿಂಗಳ ಬಸುರಿಗೂ ಹಸಿ ಬಾಣಂತಿಗೂ ಹೊರೆ.

ಹುಟ್ಟಿದ ಕೂಡಲೇ ಜೇನು ನೆಕ್ಕಿಸೋದು, ಗುಟ್ಟಿ ತೇಯ್ದು ಹಾಕೋದು ನಮ್ಮಲ್ಲಿ ಮೊದಲಿಂದ ಇದೆ. ತಪ್ಪೇನು?

ಮೊದಲ ದಿನಗಳ ಹಳದಿ ಹಾಲಿನಲ್ಲಿ ರೋಗ ತಡೆಯುವ ಅಂಶಗಳು ದಟ್ಟವಾಗಿರುತ್ತವೆ. ಜೇನು, ಸಕ್ಕರೆ ನೀರು ಮೊದಲು ಹೋದರೆ ಮಗು ಎದೆ ಚೀಪುವುದು ಕಡಿಮೆಯಾಗುತ್ತದೆ, ಚೀಪದಿದ್ದರೆ ಹಾಲು ಇಳಿಯುವುದು ತಡವಾಗುತ್ತದೆ. ತೇಯುವ ಕಲ್ಲು, ಬೆರಳು, ನೀರು ಮೂರರಿಂದಲೂ ಸೋಂಕು ಸಾಧ್ಯ. ಜೇನಿನಲ್ಲಿರಬಹುದಾದ ಒಂದು ಬ್ಯಾಕ್ಟೀರಿಯಾದಿಂದ ವರ್ಷದೊಳಗಿನ ಮಕ್ಕಳಿಗೆ ಸ್ನಾಯು ಸೋಲುವ ಕಾಯಿಲೆ ಬರಬಹುದು, ಆದ್ದರಿಂದ ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಶಾಸ್ತ್ರ ಬಿಡಲಾಗದಿದ್ದರೆ ದೇವರ ಮುಂದೆ ಇಟ್ಟು ದೊಡ್ಡವರು ನೆಕ್ಕಲಿ.

ರಾಯಚೂರಿನ ಬಿಸಿಲಿಗೆ ಮಗೂಗೆ ನೀರು ಬೇಡ್ವಾ?

ಆರು ತಿಂಗಳು ತುಂಬುವವರೆಗೆ ಬೇಡ. ಎದೆಹಾಲಿನಲ್ಲಿ ಸುಮಾರು 88% ನೀರೇ. ಸೆಕೆ ಹೆಚ್ಚಿದಾಗ ಇನ್ನೆರಡು ಸಲ ಎದೆಗೆ ಹಾಕಿ. ನೀರು ತಾಯಿ ಕುಡಿಯಲಿ.

ಹಾಲು ಸಾಲ್ತಿಲ್ಲ ಅಂತ ಬಾಟಲಿ ಶುರು ಮಾಡಿದ್ವಿ. ಸರಿನಾ?

ಸಾಲುತ್ತಿದೆಯೇ ಎಂದು ಮೊದಲು ನೋಡಿ. ದಿನಕ್ಕೆ ಆರು ಸಲಕ್ಕಿಂತ ಹೆಚ್ಚು ತಿಳಿಯಾದ ಮೂತ್ರ ಹೋಗಿ ತೂಕ ಏರುತ್ತಿದ್ದರೆ ಸಾಲುತ್ತಿದೆ ಎಂದೇ ಅರ್ಥ. ಅಳುವುದೆಲ್ಲ ಹಸಿವಲ್ಲ. ಮೊದಲ ಕೆಲ ದಿನ ತೂಕ 10%ವರೆಗೆ ಇಳಿದು ಎರಡು ವಾರದೊಳಗೆ ಮರಳುವುದು ಸಹಜ. ಬಾಟಲಿಯಲ್ಲಿ ಎರಡು ತೊಂದರೆ: ನಿಪ್ಪಲ್‌ನ ಒಳಗೆ ಉಳಿದ ಹಾಲಿನಲ್ಲಿ ಕ್ರಿಮಿ ಬೆಳೆಯುತ್ತದೆ, ಡಬ್ಬಿಯ ಪುಡಿ ತಿಂಗಳಿಡೀ ಬರಲೆಂದು ಹೇಳಿದ ಅಳತೆಗಿಂತ ತೆಳ್ಳಗೆ ಕಲಸುತ್ತಾರೆ. ಮೇಲುಹಾಲು ಅನಿವಾರ್ಯ ಎಂದು ಡಾಕ್ಟರು ಹೇಳಿದರೆ ಬಟ್ಟಲು, ಚಮಚ ಅಥವಾ ಒಳಲೆಯಿಂದ ಕುಡಿಸಿ.

## ಆರು ತಿಂಗಳ ನಂತರದ ಊಟ

ಗಂಜಿ ಬಟ್ಟಲು ಖಾಲಿ ಮಾಡ್ತದೆ, ಆದ್ರೂ ತೂಕ ಏರಲ್ಲ. ಹುಳ ಇರಬಹುದಾ?

ಹುಳ ಇರಬಹುದು. ಆದರೆ ಮೊದಲು ಗಂಜಿ ಎಷ್ಟು ತೆಳ್ಳಗಿದೆ ನೋಡಿ. ನಮ್ಮ ಅನುಭವದಲ್ಲಿ ಅರ್ಧಕ್ಕರ್ಧ ಉತ್ತರ ಅಲ್ಲೇ ಸಿಗುತ್ತದೆ.

ಏಳು ತಿಂಗಳ, 7 ಕೆ.ಜಿ. ಮಗುವಿನ ಹೊಟ್ಟೆ ಒಂದು ಸಲಕ್ಕೆ ಹಿಡಿಯುವುದು ಸುಮಾರು 200 ಮಿ.ಲೀ. ಎದೆಹಾಲಿನ ಜೊತೆಗೆ ದಿನಕ್ಕೆ ಇನ್ನೂ 200 ಕ್ಯಾಲರಿ ಬೇಕು. 9–11 ತಿಂಗಳಿಗೆ 300, ಒಂದರಿಂದ ಎರಡು ವರ್ಷಕ್ಕೆ 550. ಈಗ 150 ಮಿ.ಲೀ. ನೀರಿಗೆ ಒಂದು ದೊಡ್ಡ ಚಮಚ, ಅಂದರೆ 10 ಗ್ರಾಂ ರಾಗಿಹಿಟ್ಟು, ಒಂದು ಸಣ್ಣ ಚಮಚ ಬೆಲ್ಲ ಹಾಕಿ ಕುದಿಸಿದಿರಿ ಎನ್ನಿ. ಇಡೀ ಬಟ್ಟಲಿನಲ್ಲಿ ಇರುವುದು ಸುಮಾರು 50 ಕ್ಯಾಲರಿ. 200 ಮುಟ್ಟಲು ನಾಲ್ಕು ಬಟ್ಟಲು ಬೇಕು. ಅಷ್ಟು ನೀರು ಕುಡಿದ ಮಗು ಎದೆಹಾಲನ್ನೂ ಬಿಡುತ್ತದೆ.

ಅದೇ ನೀರಿಗೆ ರಾಗಿ 20 ಗ್ರಾಂ, ಹುರಿದ ಹೆಸರುಬೇಳೆ ಪುಡಿ 5 ಗ್ರಾಂ, ಅದೇ ಬೆಲ್ಲ, ಇಳಿಸಿದ ಮೇಲೆ ಒಂದು ಸಣ್ಣ ಚಮಚ ತುಪ್ಪ ಅಥವಾ ಎಣ್ಣೆ ಹಾಕಿ. ಈಗ ಸುಮಾರು 140 ಕ್ಯಾಲರಿ. ಒಂದೂವರೆ ಬಟ್ಟಲಿಗೆ ದಿನದ ಲೆಕ್ಕ ಮುಗಿಯಿತು. ಪರೀಕ್ಷೆ ಸುಲಭ: ಚಮಚ ಓರೆ ಮಾಡಿದರೆ 'ಸರಿ' (ಮಗುವಿನ ರಾಗಿ ಗಂಜಿ) ಸುರಿದುಹೋಗಬಾರದು, ಅಂಟಿ ನಿಂತು ನಿಧಾನ ಜಾರಬೇಕು. ಅನ್ನಕ್ಕೆ ತಿಳಿಸಾರು ಹಾಕಿ ಕಲಸುವುದೂ ಇದೇ ತಪ್ಪು. ಸಾರಿನ ಪಾತ್ರೆಯ ತಳದ ಬೇಳೆ ಮಗುವಿಗೆ, ಮೇಲಿನ ತಿಳಿ ದೊಡ್ಡವರಿಗೆ.

ರಾಗಿ ಮೊಳಕೆ ಕಟ್ಟಿಯೇ ಸರಿ ಮಾಡ್ಬೇಕು ಅಂತಾರಲ್ಲ, ಅಷ್ಟು ಕಷ್ಟಪಡಬೇಕಾ?

ಪಟ್ಟರೆ ಲಾಭ ಇದೆ. ಹಿಟ್ಟು ಹೆಚ್ಚು ಹಾಕಿದರೆ ಸರಿ ಗಟ್ಟಿ ಮುದ್ದೆಯಾಗಿ ಎಳೆ ಮಗು ನುಂಗಲಾರದು, ಅದಕ್ಕೇ ತಾಯಂದಿರು ನೀರು ಸುರಿಯುತ್ತಾರೆ. ಮೊಳಕೆಯೊಡೆದ ಕಾಳಿನಲ್ಲಿ ಪಿಷ್ಟವನ್ನು ತುಂಡರಿಸುವ ಕಿಣ್ವ ಹುಟ್ಟುತ್ತದೆ. ಅದರಿಂದ ಹಿಟ್ಟು ಹೆಚ್ಚಿದ್ದರೂ ಸರಿ ಸಡಿಲವಾಗಿರುತ್ತದೆ. ಕಬ್ಬಿಣವೂ ಮೈಗೆ ಸ್ವಲ್ಪ ಹೆಚ್ಚು ಹತ್ತುತ್ತದೆ.

ರಾಗಿ ತೊಳೆದು ರಾತ್ರಿಯಿಡೀ ನೆನೆಸಿ, ನೀರು ಬಸಿದು, ಒದ್ದೆ ಬಟ್ಟೆಯಲ್ಲಿ ಒಂದರಿಂದ ಎರಡು ದಿನ ಕಟ್ಟಿಡಿ. ಬಿಸಿಲಲ್ಲಿ ಗರಿಗರಿ ಒಣಗಿಸಿ, ಘಮ ಬರುವಷ್ಟೇ ಬೆಚ್ಚಗೆ ಮಾಡಿ ಬೀಸಿ, ಜರಡಿ ಹಿಡಿಯಿರಿ. ಕಪ್ಪಾಗುವಂತೆ ಹುರಿದರೆ ಕಿಣ್ವ ಸಾಯುತ್ತದೆ, ಪಟ್ಟ ಕಷ್ಟ ದಂಡ. ಸರಿಯಾಗಿ ಒಣಗದೆ ಬೂಷ್ಟು ಹಿಡಿದ ಹಿಟ್ಟನ್ನು ಎಸೆಯಿರಿ. ಬಿಡುವಿಲ್ಲದವರು ಮಾಮೂಲಿ ಹಿಟ್ಟಿನಲ್ಲೇ ಗಟ್ಟಿ ಸರಿ ಮಾಡಿ, ಉಣ್ಣುವಷ್ಟು ಬೆಚ್ಚಗಾದಾಗ ಮೊಳಕೆ ಹಿಟ್ಟು ಒಂದು ಸಣ್ಣ ಚಮಚ ಬೆರೆಸಿ ಕೆಲ ನಿಮಿಷ ಬಿಟ್ಟು, ಸಡಿಲವಾದ ಮೇಲೆ ಮತ್ತೊಂದು ಕುದಿ ಬರಿಸಿ.

ದಿನಕ್ಕೆ ಎಷ್ಟು ಸಲ, ಎಷ್ಟೆಷ್ಟು?

6 ತಿಂಗಳಿಗೆ ಎರಡು-ಮೂರು ದೊಡ್ಡ ಚಮಚದಿಂದ ಶುರು, 8 ತಿಂಗಳ ಹೊತ್ತಿಗೆ ಅರ್ಧ ಬಟ್ಟಲು, ದಿನಕ್ಕೆ 2–3 ಸಲ. 9 ತಿಂಗಳಿಂದ 3–4 ಸಲ, ನಡುವೆ ಒಂದೆರಡು ತಿಂಡಿ. ವರ್ಷದ ನಂತರ ಮುಕ್ಕಾಲರಿಂದ ಒಂದು ಬಟ್ಟಲು. ಈ ಲೆಕ್ಕದಲ್ಲಿ ಬಟ್ಟಲು ಎಂದರೆ 250 ಮಿ.ಲೀ. ಮಗುವಿಗೆ ಬೇರೆ ತಟ್ಟೆ ಇಡಿ. ಅಕ್ಕ-ಅಣ್ಣಂದಿರ ಜೊತೆ ಒಂದೇ ತಟ್ಟೆಯಾದರೆ ಎಷ್ಟು ತಿಂದಿತೆಂದು ಯಾರಿಗೂ ಗೊತ್ತಾಗುವುದಿಲ್ಲ.

ದೇಶದಲ್ಲಿ 6–23 ತಿಂಗಳ ಮಕ್ಕಳಲ್ಲಿ ಸಾಕಷ್ಟು ಸಲ, ಸಾಕಷ್ಟು ಬಗೆಯ ಆಹಾರ ಸಿಗುತ್ತಿರುವುದು 100ಕ್ಕೆ ಸುಮಾರು 11 ಮಕ್ಕಳಿಗೆ. ಇದು ಬಡವರ ಮನೆಯ ಲೆಕ್ಕ ಮಾತ್ರ ಅಲ್ಲ.

ನಾವು ಮೊಟ್ಟೆ ತಿನ್ನೋರಲ್ಲ. ಬೇಳೆ ಸಾಲದಾ?

ಸಾಲಿಸಬಹುದು, ಆದರೆ ಹೆಚ್ಚು ಜಾಗರೂಕತೆ ಬೇಕು. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಉತ್ತಮ ಪ್ರೋಟೀನ್, ಜೊತೆಗೆ ಬಿ12, ಕೋಲಿನ್. ಅಷ್ಟು ಪುಟ್ಟ ಹೊಟ್ಟೆಗೆ ಅಷ್ಟು ಅಡಕವಾದ ಅಗ್ಗದ ಆಹಾರ ಇನ್ನೊಂದಿಲ್ಲ. ತಿನ್ನುವ ಮನೆಯವರು ಆರು ತಿಂಗಳ ನಂತರ ಚೆನ್ನಾಗಿ ಬೇಯಿಸಿ ಕೊಡಿ, ವರ್ಷ ಕಾಯಬೇಕಿಲ್ಲ. ತಿನ್ನದವರು ಧಾನ್ಯದ ಜೊತೆ ಬೇಳೆ, ದಿನಾ ಹಾಲು ಅಥವಾ ಮೊಸರು, ನುಣ್ಣಗೆ ಪುಡಿ ಮಾಡಿದ ಶೇಂಗಾ, ಸೊಪ್ಪು, ಮೇಲೆ ನಿಂಬೆ ಹನಿ, ಇದನ್ನು ತಪ್ಪಿಸಬಾರದು. ಹಾಲು-ಮೊಸರೂ ಇಲ್ಲದಿದ್ದರೆ ಬಿ12 ಎಲ್ಲಿಂದಲೂ ಬರುವುದಿಲ್ಲ. ತಿನ್ನುವ ಮಗುವಿನ ತಟ್ಟೆಯಿಂದ ಮೊಟ್ಟೆ ತೆಗೆಸುವ ವಾದ ಮಾತ್ರ ನಮಗೆ ಒಪ್ಪಿಗೆಯಿಲ್ಲ.

ಮುಂಜಾನೆ ಚಾ ಮತ್ತು ಟೋಸ್ಟ್ ಕೊಟ್ರೆ ಹನ್ನೊಂದರ ತನಕ ಸುಮ್ನಿರ್ತದ್ರಿ. ಆಗಂಗಿಲ್ಲೇನು?

ಅದು ಸುಮ್ಮನಿರುವುದೇ ತೊಂದರೆ. ಚಹಾ ಹಸಿವನ್ನು ಕೊಲ್ಲುತ್ತದೆ, ಅದರ ಒಗರು ಊಟದ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲ. ಐದು ರೂಪಾಯಿ ಪೊಟ್ಟಣದ ಕುರುಕಲೂ ಹೀಗೇ: ಉಪ್ಪು, ಎಣ್ಣೆ, ಪಿಷ್ಟ. ಅದೇ ದುಡ್ಡಿಗೆ ಬಾಳೆಹಣ್ಣು ಬರುತ್ತದೆ. ರಾತ್ರಿಯ ರೊಟ್ಟಿ ಹಾಲಿನಲ್ಲಿ ನೆನೆಸಿ ಕಿವುಚಿ ಕೊಟ್ಟರೂ ಟೋಸ್ಟಿಗಿಂತ ಎಷ್ಟೋ ಮೇಲು.

ಅಂಗನವಾಡಿಯಿಂದ 'ಪುಷ್ಟಿ' ತಂದ್ರೂ ಮಗು ಬೆಳೀತಿಲ್ಲ.

ಪುಷ್ಟಿ ಎಂದರೆ ಮನೆಗೆ ಕೊಡುವ ಪೂರಕ ಆಹಾರದ ಪುಡಿ. ಪೊಟ್ಟಣ ಎಷ್ಟು ದಿನಕ್ಕೆ ಮುಗಿಯಿತು? 6 ತಿಂಗಳಿಂದ 6 ವರ್ಷದ ಮಗುವಿಗೆ ದಿನಕ್ಕೆ 500 ಕ್ಯಾಲರಿ, 12–15 ಗ್ರಾಂ ಪ್ರೋಟೀನ್ ಸಿಗುವಂತೆ ಲೆಕ್ಕ ಹಾಕಲಾಗಿದೆ. ತೀವ್ರ ಕೊರತೆಯ ಮಗುವಿಗೆ 800. ಮನೆಯವರೆಲ್ಲ ಉಂಡೆ ಕಟ್ಟಿ ತಿಂದರೆ ಮಗುವಿಗೆ ಸಿಗುವುದು ಹಿಡಿಯಷ್ಟು. ಇನ್ನೊಂದು, ಇದು ಮನೆ ಊಟದ ಮೇಲೆ ಕೊಡಬೇಕಾದ್ದು. ಊಟದ ಬದಲಿಗೆ ಕೊಟ್ಟರೆ ಲೆಕ್ಕ ಅಲ್ಲಿಗಲ್ಲಿಗೇ.

## ಕಾಯಿಲೆ, ನೀರು, ಶೌಚ

ಹಲ್ಲು ಬರುವಾಗ ಭೇದಿ ಆಗೋದು ಸಹಜ ಅಲ್ವಾ?

ಹಲ್ಲಿಗೂ ಭೇದಿಗೂ ವಯಸ್ಸು ಒಂದೇ, ಅಷ್ಟೇ. ಆ ವಯಸ್ಸಿನಲ್ಲಿ ಮಗು ಅಂಬೆಗಾಲಿಡುತ್ತದೆ, ಸಿಕ್ಕಿದ್ದನ್ನು ಬಾಯಿಗಿಡುತ್ತದೆ, ಮೇಲಿನ ಊಟವೂ ಆಗಷ್ಟೇ ಶುರುವಾಗಿರುತ್ತದೆ. ಸಹಜ ಎಂದು ಬಿಟ್ಟ ಭೇದಿಯೇ ತೂಕವನ್ನು ಇಳಿಸುವುದು.

ಭೇದಿ ಆದಾಗ ಹೊಟ್ಟೆಗೆ ವಿಶ್ರಾಂತಿ ಕೊಡ್ಬೇಕು ಅಂತ ಊಟ ನಿಲ್ಲಿಸ್ತೀವಿ.

ನಿಲ್ಲಿಸಬೇಡಿ. ಒಂದು ಓಆರ್‌ಎಸ್ ಪೊಟ್ಟಣಕ್ಕೆ ಸರಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರು (ಅರ್ಧ ಲೀಟರಿನ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟು). ಲೋಟಕ್ಕೆ ಚಿಟಿಕೆ ಉದುರಿಸಿಕೊಂಡು ಕಲಸುವುದು ತಪ್ಪು, ಉಪ್ಪಿನ ಪ್ರಮಾಣ ಕೆಡುತ್ತದೆ. ಎರಡು ವರ್ಷದೊಳಗಿನವರಿಗೆ ಪ್ರತಿ ಭೇದಿಗೂ 50–100 ಮಿ.ಲೀ., ಚಮಚದಲ್ಲಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ. ಕಲಸಿದ್ದನ್ನು 24 ಗಂಟೆಯ ನಂತರ ಚೆಲ್ಲಿ. ಜೊತೆಗೆ ಝಿಂಕ್: 6 ತಿಂಗಳ ಮೇಲಿನವರಿಗೆ ದಿನಕ್ಕೆ 20 ಮಿ.ಗ್ರಾಂ, 2–6 ತಿಂಗಳವರಿಗೆ 10, ಒಟ್ಟು 14 ದಿನ. ಭೇದಿ ನಿಂತ ಮೂರನೇ ದಿನಕ್ಕೆ ಮಾತ್ರೆ ನಿಲ್ಲಿಸುವುದೇ ಸಾಮಾನ್ಯವಾಗಿ ನಡೆಯುವ ತಪ್ಪು. ಗುಣವಾದ ಮೇಲೆ ಎರಡು ವಾರ ದಿನಕ್ಕೊಂದು ಊಟ ಹೆಚ್ಚು ಕೊಟ್ಟರೆ ಕಳೆದ ತೂಕ ವಾಪಸ್ ಬರುತ್ತದೆ.

ಕಣ್ಣು ಗುಳಿಬಿದ್ದರೆ, ಕುಡಿಯಲಾರದಷ್ಟು ಮಂಕಾದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ.

ಬಾಲಗ್ರಹ ಅಂತ ಅಂತ್ರ ಕಟ್ಟಿಸಿದ್ವಿ, ಹೊಟ್ಟೆ ಮೇಲೆ ಬರೆ ಹಾಕಿಸು ಅಂತಾರೆ.

ಅಂತ್ರ ಕಟ್ಟಿದ್ದರೆ ಇರಲಿ, ಅದರಿಂದ ಕೆಡುವುದಿಲ್ಲ. ಬರೆ ಬೇಡ. ಸೊರಗಿದ ಮಗುವಿನ ಚರ್ಮದ ಗಾಯ ಬೇಗ ಮಾಯುವುದಿಲ್ಲ, ನಂಜೇರಿದರೆ ಜೀವಕ್ಕೇ ಬರುತ್ತದೆ. ಉಂಡೂ ಸೊರಗುವ ಮಗುವಿಗೆ ಕ್ಷಯ, ಹೃದಯದ ತೊಂದರೆ, ಮೂತ್ರದ ಸೋಂಕು ಇದೆಯೇ ಎಂದು ನೋಡಿಸಿ.

ಊರಿಗೆಲ್ಲ ಪಾಯಿಖಾನೆ ಆಯ್ತು. ಮತ್ಯಾಕೆ ಮಕ್ಕಳು ಬೆಳೀತಿಲ್ಲ?

ಪದೇ ಪದೇ ಮಲದ ಕ್ರಿಮಿ ಹೊಟ್ಟೆಗೆ ಹೋಗುತ್ತಿದ್ದರೆ ಭೇದಿ ಆಗದಿದ್ದರೂ ಸಣ್ಣ ಕರುಳಿನ ಒಳಪದರ ಸವೆಯುತ್ತದೆ, ಉಂಡದ್ದು ಮೈಗೆ ಹತ್ತುವುದಿಲ್ಲ. ಇದನ್ನು ನಂಬಿ ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ದೊಡ್ಡ ಪ್ರಯೋಗ ನಡೆಸಿದರು. 2018–19ರಲ್ಲಿ ಬಂದ ಫಲಿತಾಂಶ ಎಲ್ಲರನ್ನೂ ತಬ್ಬಿಬ್ಬು ಮಾಡಿತು: ಸುಧಾರಿತ ಶೌಚಾಲಯ, ಕೈತೊಳೆಯುವ ವ್ಯವಸ್ಥೆ, ನೀರಿನ ಶುದ್ಧೀಕರಣ ಕೊಟ್ಟರೂ ಮಕ್ಕಳ ಎತ್ತರ ಏರಲಿಲ್ಲ, ಪೂರಕ ಆಹಾರ ಕೊಟ್ಟ ಗುಂಪಿನಲ್ಲಿ ಅಷ್ಟಿಷ್ಟು ಏರಿತು. ಶೌಚಾಲಯ ದಂಡ ಎಂದಲ್ಲ. ಹಿತ್ತಲಲ್ಲಿ ಕೋಳಿ, ಬೀದಿಯಲ್ಲಿ ಮೋರಿ, ದಿನ ಬಿಟ್ಟು ದಿನ ಬರುವ ನಲ್ಲಿ ಹಾಗೇ ಇದ್ದರೆ ಮನೆಗೊಂದು ಕೊಠಡಿ ಕಟ್ಟಿದ ಮಾತ್ರಕ್ಕೆ ಮಗುವಿನ ಬಾಯಿಗೆ ಹೋಗುವ ಕ್ರಿಮಿ ಸಾಕಷ್ಟು ಕಡಿಮೆಯಾಗದು.

## ಮನೆಯಾಚೆಯ ಕಾರಣಗಳು

ತಾಯಂದಿರಿಗೆ ತಿಳಿವಳಿಕೆ ಇಲ್ಲ, ಅದೇ ಮೂಲ ಅಲ್ವಾ?

ಅರ್ಧ ಸತ್ಯ. ಹತ್ತಿ ಬಿಡಿಸುವ, ಮೆಣಸಿನಕಾಯಿ ಹರಿಯುವ ಕಾಲದಲ್ಲಿ ಹೊತ್ತು ಮೂಡುವ ಮುಂಚೆ ಹೊಲಕ್ಕೆ ಹೋಗುವ ತಾಯಿಗೆ ದಿನಕ್ಕೆ ನಾಲ್ಕು ಸಲ ಉಣಿಸಬೇಕೆಂದು ಗೊತ್ತಿದ್ದರೂ ಉಣಿಸುವವರು ಯಾರು? ಮನೆಯಲ್ಲಿರುವುದು ಎಂಟು ವರ್ಷದ ಅಕ್ಕ. 2023ರಿಂದ ಗ್ರಾಮ ಪಂಚಾಯಿತಿಗಳಲ್ಲಿ ಶುರುವಾದ 'ಕೂಸಿನ ಮನೆ' ಈ ಗಂಟಿಗೇ ಕೈ ಹಾಕಿದೆ: ಉದ್ಯೋಗ ಖಾತ್ರಿ ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ಹಗಲು ನೋಡಿಕೊಳ್ಳುವುದು. ನಿಮ್ಮ ಪಂಚಾಯಿತಿಯಲ್ಲಿ ಅದು ತೆರೆದಿರುವ ಹೊತ್ತಿಗೂ ಹೊಲದ ಕೆಲಸದ ಹೊತ್ತಿಗೂ ಹೊಂದಿಕೆ ಇದೆಯೇ ಎಂದು ಕೇಳಿ. ಹೊಂದದಿದ್ದರೆ ಗ್ರಾಮಸಭೆಯಲ್ಲಿ ಎತ್ತಿ.

ಯಾದಗಿರಿ ಯಾವಾಗ್ಲೂ ಪಟ್ಟಿಯ ತಳದಲ್ಲಿ ಯಾಕಿರ್ತದೆ?

ಅಲ್ಲಿ ಕುಂಠಿತ ಮಕ್ಕಳು ಅರ್ಧಕ್ಕಿಂತ ಹೆಚ್ಚು. 2011ರ ಜನಗಣತಿಯಲ್ಲಿ ಸಾಕ್ಷರತೆ ಸುಮಾರು 52%, ರಾಜ್ಯದಲ್ಲೇ ಕಡಿಮೆ. ಮಳೆ ನಂಬಿದ ಬೇಸಾಯ, ಬೇಗ ಮದುವೆ, ಸುಗ್ಗಿ ಮುಗಿದರೆ ಬೆಂಗಳೂರು, ಪುಣೆ, ಮುಂಬೈಗೆ ಗುಳೆ. ಇವು ಒಂದರ ಮೇಲೊಂದು ಕೂತಿವೆ. ಗುಳೆ ಹೋದ ಮಗುವಿನ ಹೆಸರು ಊರಿನ ರಿಜಿಸ್ಟರಿನಲ್ಲಿ, ಮಗು ಕಟ್ಟಡ ಕಟ್ಟುವ ಜಾಗದ ತಗಡಿನ ಶೆಡ್ಡಿನಲ್ಲಿ. ಲಸಿಕೆ, ತೂಕ, ಪೊಟ್ಟಣ ಮೂರೂ ತಪ್ಪುತ್ತವೆ. ಹೊರಡುವಾಗ ತಾಯಿ ಕಾರ್ಡ್ ಮತ್ತು ಆಧಾರ್ ಜೊತೆಗಿರಲಿ. ಅಂಗನವಾಡಿಯ ಮೊಬೈಲ್ ಆ್ಯಪ್ ಪೋಷಣ್ ಟ್ರ್ಯಾಕರ್‌ನಲ್ಲಿ ಹೆಸರನ್ನು ಬೇರೆ ಊರಿನ ಅಂಗನವಾಡಿಗೆ ವರ್ಗಾಯಿಸಲು ಬರುತ್ತದೆ. ಹೊರಡುವ ಮುಂಚೆಯೇ ಕಾರ್ಯಕರ್ತೆಗೆ ತಿಳಿಸಿ.

## ಇನ್ನೂ ಆಳಕ್ಕೆ: ಅಳತೆ, ಚಿಕಿತ್ಸೆ

ತೋಳಿನ ಪಟ್ಟಿ ಒಮ್ಮೆ ಕೆಂಪು, ಒಮ್ಮೆ ಹಳದಿ ತೋರಿಸ್ತದೆ. ಯಾವುದು ನಿಜ?

ಹಿಡಿದ ರೀತಿ ಬದಲಾಗಿರಬೇಕು. ಎಡತೋಳು ಮಡಚಿ, ಭುಜದ ತುದಿಯಿಂದ ಮೊಣಕೈ ತುದಿಯವರೆಗಿನ ನಡುಭಾಗಕ್ಕೆ ಗುರುತು ಹಾಕಿ. ನಂತರ ತೋಳು ಸಡಿಲ ಇಳಿಬಿಟ್ಟು ಪಟ್ಟಿ ಸುತ್ತಿ: ಚರ್ಮ ಒತ್ತಬಾರದು, ಸಂದು ಉಳಿಯಬಾರದು. 6–59 ತಿಂಗಳ ಮಗುವಿಗೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ಅಂದರೆ ತೀವ್ರ ಕೊರತೆ; 11.5 ರಿಂದ 12.5ರೊಳಗೆ ಹಳದಿ, ಅಂದರೆ ಮಧ್ಯಮ. ಎತ್ತರದಲ್ಲೂ ಇಂಥದೇ ತಪ್ಪು ನುಸುಳುತ್ತದೆ. ಎರಡು ವರ್ಷದೊಳಗೆ ಮಲಗಿಸಿ, ನಂತರ ನಿಲ್ಲಿಸಿ ಅಳೆಯಬೇಕು. ಎರಡರ ನಡುವೆ 0.7 ಸೆಂ.ಮೀ. ವ್ಯತ್ಯಾಸ ಬರುತ್ತದೆ.

ಪಟ್ಟಿ ಏನೇ ತೋರಿಸಲಿ, ಎರಡೂ ಪಾದದ ಮೇಲೆ ಹೆಬ್ಬೆರಳಿನಿಂದ ಮೂರು ಸೆಕೆಂಡ್ ಒತ್ತಿದಾಗ ಗುಳಿ ಉಳಿದರೆ ಅದು ಬಾವು. ತೀವ್ರ ಅಪೌಷ್ಟಿಕತೆ ಎಂದೇ ಲೆಕ್ಕ. ಇಂಥ ಮಗು ದುಂಡಗೆ ಕಾಣುತ್ತದೆ, 'ಈಗ ಮೈ ಬಂತು' ಎಂದು ಮನೆಯವರು ನೆಮ್ಮದಿಯಾಗಿರುತ್ತಾರೆ.

ಎನ್‌ಆರ್‌ಸಿಗೆ ಸೇರಿಸಿದ್ರೆ ಮೂರು ದಿನ ಬರೀ ತೆಳ್ಳನೆ ಹಾಲು, ಅದೂ ಒಂದೊಂದು ಗುಟುಕು. ಹಸಿದ ಮಗೂಗೆ ಹೊಟ್ಟೆ ತುಂಬಾ ಕೊಡಬಾರದಾ?

ಎನ್‌ಆರ್‌ಸಿ, ಅಂದರೆ ತೀವ್ರವಾಗಿ ಸೊರಗಿದ ಮಕ್ಕಳನ್ನು ಸೇರಿಸಿಕೊಳ್ಳುವ ಪೌಷ್ಟಿಕ ಪುನಶ್ಚೇತನ ಕೇಂದ್ರ. ಅಲ್ಲಿ ಮೊದಲು ಕೊಡುವುದು ಎಫ್-75 ಎಂಬ ಹಾಲು: 100 ಮಿ.ಲೀ.ನಲ್ಲಿ 75 ಕ್ಯಾಲರಿ, ಪ್ರೋಟೀನ್ ಬೇಕೆಂದೇ ಕಡಿಮೆ. ತೀವ್ರವಾಗಿ ಸೊರಗಿದ ಮಗುವಿನ ಹೃದಯ, ಪಿತ್ತಜನಕಾಂಗ, ಮೂತ್ರಪಿಂಡ ಅರೆಬರೆ ನಡೆಯುತ್ತಿರುತ್ತವೆ. ಒಮ್ಮೆಲೇ ಹೆಚ್ಚು ಆಹಾರ ಬಿದ್ದರೆ ರಕ್ತದಲ್ಲಿನ ಪೊಟ್ಯಾಷಿಯಂ, ಫಾಸ್ಫೇಟ್ ಕುಸಿದು ಹೃದಯ ಸೋಲಬಹುದು. ಅದಕ್ಕೇ ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿ, ಅಳೆದು ಕೊಡುತ್ತಾರೆ. ರಾತ್ರಿ ಒಂದು ಸರದಿ ತಪ್ಪಿದರೂ ಸಕ್ಕರೆ ಅಂಶ ಕುಸಿದು ಮೈ ತಣ್ಣಗಾಗುತ್ತದೆ. ರಕ್ತಹೀನತೆ ಇದ್ದರೂ ಮೊದಲ ಹಂತದಲ್ಲಿ ಕಬ್ಬಿಣ ಕೊಡುವುದಿಲ್ಲ, ಸೋಂಕು ಉಲ್ಬಣಿಸುತ್ತದೆ. ಹಸಿವು ಮರಳಿ ಬಾವು ಇಳಿದ ಮೇಲೆ ಎಫ್-100 ಎಂಬ ಹೆಚ್ಚು ಶಕ್ತಿಯ ಹಾಲು. ಆಗ ತೂಕ ದಿನಕ್ಕೆ ಕೆ.ಜಿ.ಗೆ 10 ಗ್ರಾಂ ಏರಿದರೆ ಚೆನ್ನ. 5ಕ್ಕಿಂತ ಕಡಿಮೆಯಾದರೆ ಕ್ಷಯದಂಥ ಅಡಗಿದ ಕಾಯಿಲೆ ಇದೆಯೇ ಎಂದು ಹುಡುಕಬೇಕು.

ಸಾಮಾನ್ಯವಾಗಿ 14 ದಿನ ಇರಬೇಕಾಗುತ್ತದೆ. ತಾಯಿಗೆ ಊಟ, ಕೂಲಿ ನಷ್ಟಕ್ಕೆ ಪರಿಹಾರ ಉಂಟು. ಆದರೂ ಐದಾರು ದಿನಕ್ಕೆ ಹೊರಟುಬಿಡುತ್ತಾರೆ, ಏಕೆಂದರೆ ಮನೆಯಲ್ಲಿ ಇನ್ನೊಂದು ಮಗು ಇರುತ್ತದೆ. ಆ ಮಗುವನ್ನು ಯಾರು ನೋಡುತ್ತಾರೆಂದು ಸೇರಿಸುವ ದಿನವೇ ಮನೆಯವರ ಜೊತೆ ಮಾತಾಡಿ ತೀರ್ಮಾನಿಸದ ಆಶಾ ಕಾರ್ಯಕರ್ತೆಯ ಶ್ರಮ ವ್ಯರ್ಥವಾಗುವುದೇ ಹೆಚ್ಚು.

ಹುಳದ ಮಾತ್ರೆ, ಎ ವಿಟಮಿನ್, ಕಬ್ಬಿಣದ ಸಿರಪ್: ಯಾವುದು ಯಾವಾಗ?

ಹುಳದ ಮಾತ್ರೆ ಅಲ್ಬೆಂಡಜೋಲ್: 1–2 ವರ್ಷಕ್ಕೆ ಅರ್ಧ ಮಾತ್ರೆ, ಅಂದರೆ 200 ಮಿ.ಗ್ರಾಂ, ಆಮೇಲೆ 400. ಚಿಕ್ಕವರಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಿ, ಇಡೀ ಮಾತ್ರೆ ಗಂಟಲಿಗೆ ಸಿಕ್ಕಿಕೊಳ್ಳಬಹುದು. ವಿಟಮಿನ್ ಎ: 9 ತಿಂಗಳಿಗೆ 1 ಲಕ್ಷ ಯೂನಿಟ್, ನಂತರ ಆರು ತಿಂಗಳಿಗೊಮ್ಮೆ 2 ಲಕ್ಷ, 5 ವರ್ಷದವರೆಗೆ. ಕಬ್ಬಿಣದ ಸಿರಪ್: 6–59 ತಿಂಗಳವರಿಗೆ ವಾರಕ್ಕೆರಡು ಸಲ 1 ಮಿ.ಲೀ.

ಮಗೂಗೆ ಎರಡೂವರೆ ವರ್ಷ ಆಯ್ತು, ಗಿಡ್ಡ ಅಂದ್ರು. ಇನ್ನು ಏನೂ ಮಾಡೋಕಾಗಲ್ವಾ?

ಕಳೆದ ಎತ್ತರ ಪೂರ್ತಿ ಮರಳುವುದು ಅಪರೂಪ, ಅದನ್ನು ಮುಚ್ಚಿಡುವುದಿಲ್ಲ. ಆದರೆ ರಕ್ತಹೀನತೆ ಗುಣವಾಗುತ್ತದೆ, ಕೃಶತೆ ಗುಣವಾಗುತ್ತದೆ, ಮಾತು-ಆಟ-ಕಥೆಗಳಿಂದ ಕಲಿಕೆಯ ಹಿನ್ನಡೆಯನ್ನೂ ಬಹಳಷ್ಟು ತುಂಬಿಸಬಹುದು. ಈ ವಯಸ್ಸಿನಲ್ಲಿ ತುಪ್ಪ-ಸಕ್ಕರೆ ತುರುಕಿದರೆ ಎತ್ತರ ಏರದೆ ಬೊಜ್ಜು ಏರುತ್ತದೆ. ಬೇಳೆ, ಮೊಟ್ಟೆ ಅಥವಾ ಹಾಲು, ಸೊಪ್ಪು ದಿನಾ ತಟ್ಟೆಗೆ ಬರಲಿ, ಮೂರು ತಿಂಗಳಿಗೊಮ್ಮೆ ಎತ್ತರ ಅಳೆಸಿ. ಮನೆಯಲ್ಲಿ ಇನ್ನೊಂದು ಬಸಿರಿನ ಯೋಚನೆ ಇದ್ದರೆ ಎರಡು ಹೆರಿಗೆಗಳ ನಡುವೆ ಮೂರು ವರ್ಷವಾದರೂ ಅಂತರ ಇರಲಿ.